ಹತ್ತು ಪದಗಳ ಪ್ರಶ್ನೆ

ಫೆಬ್ರವರಿ 12, ಸೋಮವಾರ

ಡೆಲ್ಮರ್ ಬಿಗ್‌ಪಾಂಡ್ ಬೆಳಿಗ್ಗೆ ಹತ್ತಕ್ಕೆ ಬಂದು, ಬೂಟಿನ ಕೆಸರನ್ನು ಮೆಟ್ಟಿಲಿಗೆ ಒರೆಸಿ, ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಇಟ್ಟ. ನಮ್ಮ ಮೂಲನಿವಾಸಿ ಬುಡಕಟ್ಟು ರಾಷ್ಟ್ರದ ಚುನಾವಣಾ ಮಂಡಳಿಗೆ ಆತ ಅಧ್ಯಕ್ಷ. ಐವರು ಸದಸ್ಯರಲ್ಲಿ ನಾನು ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಹೊಸಬಳು. ಮಾರ್ಚ್ 24ರಂದು ಜನರ ಮತಕ್ಕೆ ಇಡಬೇಕಾದ ಪ್ರಶ್ನೆಯ ಕರಡು ಅದು. ಅರವತ್ತೆರಡು ಪದಗಳು, ಮೂರು 'ಅಲ್ಲ'ಗಳು, ಒಂದೇ ಒಂದು ಕ್ರಿಯಾಪದ. ಅದೂ ದಾರಿ ತಪ್ಪಿ ಬಂದದ್ದು.

"ವಕೀಲ್ರು ಬರ್ದಿದ್ದು ಟೀಚರ್," ಎಂದ.

"ಕಾಣಿಸ್ತಿದೆ. ಇದಕ್ಕೆ ಹೌದು ಅಂದ್ರೆ ಏನಾಗುತ್ತೆ?"

ಆತ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅವರು ಹೋಗ್ತಾರೆ ಅಂತ ಕಾಣುತ್ತೆ."

"ಕಾಣುತ್ತಾ? ಅಧ್ಯಕ್ಷ ನೀನು."

"ಅದಕ್ಕೇ ತಾನೆ ನಿಮ್ಮ ಹತ್ರ ಬಂದಿದ್ದು. ಆರನೇ ಕ್ಲಾಸಲ್ಲಿ ನನ್ನ ಪ್ರಬಂಧನ ಕೆಂಪು ಮಾಡಿ ಮಾಡಿ ಕೊಡ್ತಿದ್ರಲ್ಲ, ಇದನ್ನೂ ಒಂದ್ಸಲ ಹಾಗೇ ಮಾಡ್ಕೊಡಿ."

ಒಪ್ಪಿಕೊಂಡೆ. ಯಾರಾದರೂ ಕೇಳಿದಾಗ ತಡವರಿಸಬಾರದೆಂದು ವಿಷಯವನ್ನು ಇಲ್ಲಿ ಒಮ್ಮೆ ಸ್ಪಷ್ಟವಾಗಿ ಬರೆದಿಡುತ್ತೇನೆ. ನಮ್ಮ ಹಿರಿಯರಲ್ಲಿ ಸ್ಥಿತಿವಂತರಾದವರು ಕಪ್ಪುಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. (ಮೂವತ್ತೆಂಟು ವರ್ಷ ಪಾಠ ಹೇಳಿದ ನಾನು ಈ ವಾಕ್ಯವನ್ನು ಒಮ್ಮೆಯೂ ಹಲಗೆಯ ಮೇಲೆ ಬರೆದಿರಲಿಲ್ಲ, ಪಠ್ಯದಲ್ಲಿ ಇರಲಿಲ್ಲ.) ಅಮೆರಿಕದ ಅಂತರ್ಯುದ್ಧದ ಬಳಿಕ ವಾಷಿಂಗ್ಟನ್ ಸರ್ಕಾರದೊಡನೆ ಆದ ಒಪ್ಪಂದದಂತೆ ಅವರನ್ನು ಬಿಡುಗಡೆ ಮಾಡಿ ನಮ್ಮ ರಾಷ್ಟ್ರದ ನಾಗರಿಕರೆಂದು ಸ್ವೀಕರಿಸಲಾಯಿತು. ಸುಮಾರು ನೂರು ವರ್ಷಗಳ ಹಿಂದೆ ಸರ್ಕಾರದ ಆಯೋಗವೊಂದು ಬಂದು ಎಲ್ಲರ ಹೆಸರನ್ನೂ ಎರಡು ಪಟ್ಟಿಗಳಲ್ಲಿ ಬರೆಯಿತು. ಒಂದು ರಕ್ತದ ಪಟ್ಟಿ, ಹುಟ್ಟಿನಿಂದಲೇ ಬುಡಕಟ್ಟಿನವರದು. ಇನ್ನೊಂದು ಬಿಡುಗಡೆಯವರ ಪಟ್ಟಿ. ಎರಡೂ ಪಟ್ಟಿಗಳ ವಂಶಸ್ಥರು ಇಂದಿಗೂ ನಾಗರಿಕರು. ಎರಡನೆಯ ಪಟ್ಟಿಯವರನ್ನು ಕೈಬಿಡಬೇಕೆ ಎಂಬುದೇ ಈಗಿನ ಪ್ರಶ್ನೆ. ಅವರು ಸಾವಿರದ ಒಂಬೈನೂರ ನಲವತ್ತು ಮಂದಿ. ನಾವು ಹನ್ನೊಂದು ಸಾವಿರಕ್ಕೂ ಮಿಕ್ಕಿ.

ನನಗೆ ಇದರಲ್ಲಿ ಪಕ್ಷವಿಲ್ಲ. ನಾನು ಎಣಿಕೆಯನ್ನು ನಂಬುವವಳು. ತರಗತಿಯ ನಾಯಕರನ್ನು ಪ್ರತಿ ವರ್ಷವೂ ಮಕ್ಕಳಿಂದ ಚೀಟಿ ಹಾಕಿಸಿಯೇ ಆರಿಸಿದ್ದೇನೆ. ಮುಖಂಡರ ಮಗನೆಂದು ಒಬ್ಬನಿಗೂ ಪದವಿ ಕೊಟ್ಟವಳಲ್ಲ. ಎಲ್ಲರನ್ನೂ ಕೇಳುವುದಕ್ಕಿಂತ ನ್ಯಾಯವಾದ ಕ್ರಮ ಬೇರೊಂದಿದ್ದರೆ ಯಾರಾದರೂ ತಿಳಿಸಲಿ. ಹಾಗೆ ಕೇಳುವಾಗ ಅವರನ್ನೂ ಕೇಳುತ್ತೇವೆ, ಅವರಿಗೂ ಒಂದೊಂದು ಮತವಿದೆ. ಪ್ರಶ್ನೆ ಸ್ಪಷ್ಟವಾಗಿರಬೇಕು, ನನ್ನ ಹೊಣೆ ಅಷ್ಟೇ.

ಫೆಬ್ರವರಿ 15, ಗುರುವಾರ

ಮುಗಿಯಿತು. ಮೂರು ದಿನ, ಹನ್ನೊಂದು ಕರಡುಗಳು.

"ನಮ್ಮ ರಾಷ್ಟ್ರದ ನಾಗರಿಕತ್ವವನ್ನು ರಕ್ತದ ಪಟ್ಟಿಯಲ್ಲಿ ಹೆಸರಿರುವ ಪೂರ್ವಜರ ವಂಶಸ್ಥರಿಗೆ ಮಾತ್ರ ಸೀಮಿತಗೊಳಿಸಬೇಕೆ?"

ಹತ್ತು ಪದಗಳು. ಕೆಳಗೆ ಹೌದು, ಇಲ್ಲ. ಒಂದು ಪದ ತೆಗೆದರೆ ಕುಸಿಯುತ್ತದೆ, ಒಂದು ಸೇರಿಸಿದರೆ ಕೆಡುತ್ತದೆ. ಡೆಲ್ಮರನಿಗೆ ಓದಿ ಹೇಳಿದಾಗ ಆತ, "ಇಷ್ಟೇನಾ ವಿಷಯ!" ಎಂದ. ಬರೆದವರಿಗೆ ಅದಕ್ಕಿಂತ ದೊಡ್ಡ ಪ್ರಶಂಸೆ ಸಿಗುವುದಿಲ್ಲ.

ಅಂಚೆಪೆಟ್ಟಿಗೆಯ ಬಳಿ ರಸ್ತೆಯಾಚೆಯ ಯೂಲಾ ಲ್ಯಾಂಗ್ಲಿಯವರು ಸಿಕ್ಕರು. ನಮ್ಮ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಬೇಯಿಸಿದವರು, ಬಿಡುಗಡೆಯವರ ಪಟ್ಟಿಯವರು. ನಮ್ಮಿಬ್ಬರ ಕುಲನಾಮ ಒಂದೇ. ಒಡೆಯರ ಹೆಸರನ್ನೇ ಅವರ ಹಿರಿಯರೂ ಇಟ್ಟುಕೊಂಡರು. ಇಡೀ ಬಿಟರ್ ಕ್ರೀಕ್ ಊರಿಗೆ ಗೊತ್ತಿರುವುದರಿಂದ ಯಾರೂ ಆ ಮಾತು ಎತ್ತುವುದಿಲ್ಲ. ಅಂಚೆಯವನು ಮಾತ್ರ ತಿಂಗಳಿಗೊಮ್ಮೆ ನಮ್ಮ ಕಾಗದಗಳನ್ನು ಅದಲುಬದಲು ಮಾಡುತ್ತಾನೆ. ಇಂದು ಅವರ ಕೈಯಲ್ಲಿ ನನ್ನ ಪತ್ರಿಕೆ ಇತ್ತು, ನನ್ನ ಕೈಯಲ್ಲಿ ಅವರ ಚಿಕಿತ್ಸಾಲಯದ ಪತ್ರ.

ಪ್ರಶ್ನೆಯನ್ನು ಅವರಿಗೂ ಓದಿ ಹೇಳಿದೆ. ಅಡಗಿಸಿಡುವಂಥದ್ದು ಅದರಲ್ಲಿ ಏನಿದೆ?

ಅವರು ನನ್ನ ಪತ್ರಿಕೆಯನ್ನು ನನಗೆ ಕೊಟ್ಟು, "ತುಂಬ ಚೆನ್ನಾಗಿದೆ ಟೀಚರಮ್ಮ. ಒಂದು ತಪ್ಪೂ ಇಲ್ಲ," ಎಂದರು.

"ಅರ್ಥ ಆಗುತ್ತಲ್ಲ?"

"ಚೆನ್ನಾಗಿ ಆಗುತ್ತೆ. ಮೊದಲಿಂದು ಪೇಪರಲ್ಲಿ ಬಂದಿತ್ತಲ್ಲ, ಅದು ತಲೆಗೇ ಹೋಗಿರ್ಲಿಲ್ಲ. ಅದಕ್ಕೇ ಹೆದರಿಕೆನೂ ಆಗಿರ್ಲಿಲ್ಲ."

ವಿಚಿತ್ರ ಉತ್ತರ. ಸಂಜೆಯವರೆಗೂ ಅದನ್ನೇ ಯೋಚಿಸುತ್ತಿದ್ದೇನೆ. ಸ್ಪಷ್ಟತೆ ಭಯವನ್ನು ಹೋಗಲಾಡಿಸುತ್ತದೆಂದು ನಾನು ಕಲಿಸಿದ್ದೆ.

ಮಾರ್ಚ್ 3, ಶನಿವಾರ

ಚರ್ಚಿನಲ್ಲಿ ಕಾಡು ಈರುಳ್ಳಿಯ ಊಟ. ಹೊಳೆದಂಡೆಯಲ್ಲಿ ಅಗೆದು ತಂದ ಎಳೆಯ ಈರುಳ್ಳಿಯನ್ನು ಮೊಟ್ಟೆಯೊಡನೆ ಹುರಿದದ್ದು, ಕರಿದ ರೊಟ್ಟಿ, ಮೆಕ್ಕೆಜೋಳದ ಹುಳಿಗಂಜಿ, ದ್ರಾಕ್ಷಿ ಕಡುಬು. ಈರುಳ್ಳಿ ಎಲ್ಲಿ ಬೆಳೆಯುತ್ತದೆಂದು ಯಾವ ಮನೆತನವೂ ಇನ್ನೊಂದಕ್ಕೆ ಹೇಳುವುದಿಲ್ಲ. ಮದುವೆಯಾಗಿ ಬಂದ ಸೊಸೆಗೂ ಮೊದಲ ಮಗು ಹುಟ್ಟಿದ ಮೇಲೆಯೇ ತೋರಿಸುವುದು. ನನ್ನ ಪಕ್ಕದ ಮೇಜಿನ ಮಾತನ್ನು ಕೇಳಿದಂತೆಯೇ ಬರೆಯುತ್ತೇನೆ.

"ಇನ್ನೊಂದು ಸೌಟು ಹಾಕಮ್ಮ. ಯಾರು ತಂದಿದ್ದು ಈ ಸಲ?"

"ಇನ್ಯಾರು, ಯೂಲಾ."

"ಅವಳ ಜಾಗ ಎಲ್ಲಿದೆಯೋ ದೇವರಿಗೇ ಗೊತ್ತು. ಅವಳ ಜೊತೆನೇ ಹೋಗುತ್ತೆ ನೋಡು ಅದು."

"ಆಚೆ ಹಾಕೋಕೆ ಮುಂಚೆ ಕೇಳಿಟ್ಕೊಳ್ರಪ್ಪ!"

ಎಲ್ಲರೂ ನಕ್ಕರು. ಹಂಡೆಯ ಬಳಿ ನಿಂತಿದ್ದ ಯೂಲಾ ಲ್ಯಾಂಗ್ಲಿಯವರೂ ನಕ್ಕರೆಂದು ತೋರಿತು. ಅವರು ನನಗೆ ಬೆನ್ನು ಮಾಡಿದ್ದರು.

ಡೆಲ್ಮರನ ಚಿಕ್ಕಪ್ಪ ತಮ್ಮ ತಟ್ಟೆಯೊಡನೆ ನನ್ನೆದುರು ಬಂದು ಕುಳಿತರು. ಎಂಬತ್ತೆಂಟು ವರ್ಷ, ಹಲ್ಲಿಲ್ಲದಿದ್ದರೂ ಮಾತಿಗೆ ಕೊರತೆಯಿಲ್ಲ.

"ನಮ್ಮ ನೆಲನ ಓಕ್ಲಹೋಮಾ ರಾಜ್ಯ ಮಾಡ್ದಾಗ ನಮ್ಮ ಅಪ್ಪನ್ನ ಯಾರು ಕೇಳಿದ್ರು ಟೀಚರ್? ಹೊರಗಿನೋರು ಹೆಚ್ಚಿದ್ರು, ನಾವು ಕಮ್ಮಿ ಇದ್ವಿ. ಕೈ ಎತ್ತಿದ್ರು, ಮುಗೀತು. ನೆಲ ಹೋಯ್ತು, ಶಾಲೆ ಹೋಯ್ತು."

"ಅದು ಅನ್ಯಾಯ ಅಲ್ವಾ?"

"ಮಹಾ ಅನ್ಯಾಯ!"

"ಈಗ ನಾವು ಹೆಚ್ಚಿದೀವಿ, ಅವರು ಕಮ್ಮಿ ಇದಾರೆ. ಇದು?"

ಅವರು ಕಡುಬನ್ನು ಒಸಡಿನಲ್ಲೇ ನಿಧಾನವಾಗಿ ಜಗಿದು ನುಂಗಿದರು. "ಇದು ನಮ್ದು," ಎಂದರು.

ವಾದದಲ್ಲಿ ಗೆಲ್ಲಬೇಕೆಂದು ಕೇಳಿದ್ದಲ್ಲ, ನಿಜಕ್ಕೂ ತಿಳಿಯಬೇಕೆಂದಿತ್ತು. ಎಣಿಕೆಯಿಂದ ಅಷ್ಟು ಏಟು ತಿಂದವರು ಎಣಿಕೆಯನ್ನು ಇಷ್ಟು ಪ್ರೀತಿಸುವುದು ಹೇಗೆ? ಬಹುಶಃ ಏಟು ತಿಂದದ್ದರಿಂದಲೇ. ಕೋಲು ಯಾವುದೆಂದು ಅವರಿಗೆ ಗೊತ್ತು.

ಊಟದ ಬಳಿಕ ನಮ್ಮ ಭಾಷೆಯ ಸ್ತುತಿಗೀತೆಗಳನ್ನು ಹಾಡಿದರು. ನಾನು ಪುಸ್ತಕ ನೋಡಿಕೊಂಡು ಹಾಡಿದೆ. ಯೂಲಾ ಲ್ಯಾಂಗ್ಲಿಯವರು ಕಣ್ಣು ಮುಚ್ಚಿಕೊಂಡು, ನಾಲ್ಕು ಚರಣಗಳನ್ನೂ ಬಾಯಿಪಾಠವಾಗಿ. ಉಚ್ಚಾರದಲ್ಲಿ ದೋಷ ಹುಡುಕಿದೆ. ಸಿಗಲಿಲ್ಲ.

ಮಾರ್ಚ್ 6, ಮಂಗಳವಾರ

ಆ ಎರಡು ಪಟ್ಟಿಗಳನ್ನು ಯಾರು, ಹೇಗೆ ಬರೆದರೆಂದು ತಿಳಿಯದೆ ಅವುಗಳ ಹೆಸರನ್ನು ಪ್ರಶ್ನೆಯಲ್ಲಿ ಸೇರಿಸಿದೆನಲ್ಲ ಎಂಬ ಸಂಕೋಚ ನನ್ನನ್ನು ಗ್ರಂಥಾಲಯದ ದಾಖಲೆ ಕೋಣೆಗೆ ಕರೆದೊಯ್ದಿತು. ವಿದ್ಯಾರ್ಥಿಗಳಿಗೆ ಮೂಲ ನೋಡದೆ ಉಲ್ಲೇಖಿಸಬೇಡಿರೆಂದು ಹೇಳುತ್ತಿದ್ದವಳು ನಾನು.

ಆಯೋಗದವರು ಹೊಳೆಯ ಪಕ್ಕದಲ್ಲಿ ಎರಡು ಡೇರೆ ಹಾಕಿದ್ದರು. ಜನ ಸಾಲಿನಲ್ಲಿ ಬರಬೇಕು. ಬಂದವರನ್ನು ಒಂದು ಡೇರೆಗೋ ಇನ್ನೊಂದಕ್ಕೋ ಕಳಿಸಬೇಕು. ಯೂಲಾ ಲ್ಯಾಂಗ್ಲಿಯವರ ಅಜ್ಜನ ಹಾಳೆ ಸಿಕ್ಕಿತು. ನಕಲು ಮಾಡಿಕೊಂಡು ಬಂದಿದ್ದೇನೆ.

"ನಿನ್ನ ತಾಯಿ ಯಾರು? — ಸಾಲಿ. — ಅವಳು ಗುಲಾಮಳೆ? — ಅವಳ ತಂದೆ ಗುಲಾಮ. ತಾಯಿ ಈ ರಾಷ್ಟ್ರದವಳು, ರಕ್ತದವಳು. — ಸಾಕ್ಷಿ? — ಎಲ್ಲರಿಗೂ ಗೊತ್ತು. — ದುಭಾಷಿಯನ್ನು ಕೇಳಲಾಗಿ, ನೋಡಿದರೆ ಕಪ್ಪಿನವನು ಎಂದು ಹೇಳಿದ. ಎರಡನೆಯ ಡೇರೆ."

ಎರಡು ನಿಮಿಷಗಳ ಕೆಲಸ. ಆ ದಿನ ಅಂಥ ಎಂಬತ್ತೇಳು ಹಾಳೆಗಳು ಬರೆಯಲ್ಪಟ್ಟಿವೆ.

ಹಾಳೆಯ ಕೆಳಗೆ ದುಭಾಷಿಯ ಸಹಿ: ಜೋಸೆಫ್ ಲ್ಯಾಂಗ್ಲಿ. ನನ್ನ ಅಜ್ಜ. ಆಯೋಗಕ್ಕೆ ದುಭಾಷಿಯಾಗಿದ್ದರೆಂಬುದು ನಮ್ಮ ಮನೆಯ ಹೆಮ್ಮೆ. ಅವರ ಭಾವಚಿತ್ರ ನನ್ನ ಹಾಸಿಗೆಯ ಎದುರಿಗೇ ಇದೆ. ಅಕ್ಷರ ಎಷ್ಟು ಅಚ್ಚುಕಟ್ಟು! ಒಂದು ಕಾಟಿಲ್ಲ, ಒಂದು ಮಸಿಯ ಕಲೆಯಿಲ್ಲ. ಕೊಟ್ಟ ಕೆಲಸವನ್ನು ನಿರ್ದೋಷವಾಗಿ ಮಾಡಿದ್ದಾರೆ.



ಮಾರ್ಚ್ 7, ಬುಧವಾರ

ಯೂಲಾರ ಸೊಸೆಯ ಕಾರು ಕೆಟ್ಟಿದ್ದರಿಂದ ಅವರನ್ನು ರಾಷ್ಟ್ರದ ಚಿಕಿತ್ಸಾಲಯಕ್ಕೆ ನಾನೇ ಕರೆದೊಯ್ದೆ. ಮೂತ್ರಪಿಂಡಗಳು ನಿಂತುಹೋಗಿ ಎರಡು ವರ್ಷವಾಯಿತು; ವಾರಕ್ಕೆ ಮೂರು ಬಾರಿ, ನಾಲ್ಕು ನಾಲ್ಕು ಗಂಟೆ, ಯಂತ್ರವು ರಕ್ತವನ್ನು ಹೊರತೆಗೆದು, ತೊಳೆದು, ಮರಳಿ ಒಳಗೆ ಬಿಡುತ್ತದೆ. ನಾಗರಿಕರಿಗೆ ಮಾತ್ರ. ಟಲ್ಸಾದಲ್ಲಿ ಒಂದು ಆಸ್ಪತ್ರೆಯಿದೆ, ತೊಂಬತ್ತು ಮೈಲಿ. ಅಲ್ಲಿ ಹೊಸಬರ ಸರದಿ ಜೂನ್ ತಿಂಗಳಿಗಂತೆ.

"ಇದಿಲ್ಲದೆ ಎಷ್ಟು ದಿನ ಇರಬಹುದು?" ಎಂದು ಕೇಳಿದೆ. ಕೇಳಬಾರದಿತ್ತು. ಆದರೆ ತಿಳಿಯಬೇಕಿತ್ತು.

"ಹತ್ತು ದಿನ. ಗಟ್ಟಿ ಜೀವ ಆದ್ರೆ ಹನ್ನೆರಡು," ಎಂದರು, ಬಸ್ಸಿನ ಸಮಯ ಹೇಳುವವರಂತೆ. ಆಮೇಲೆ ಕೊಳವೆಯತ್ತ ಗಲ್ಲ ತೋರಿಸಿದರು. "ನೋಡಿ ಟೀಚರಮ್ಮ. ರಕ್ತ ರಕ್ತ ಅಂತೀರಲ್ಲ ನೀವೆಲ್ಲ. ವಾರಕ್ಕೆ ಮೂರು ಸಲ ನನ್ನದನ್ನ ಪೂರ್ತಿ ಹೊರಗೆ ತೆಗೆದು ಸೋಸ್ತಾರೆ. ಇದುವರೆಗೂ ಯಾವ ಪಟ್ಟಿನೂ ಸಿಕ್ಕಿಲ್ಲ ಅವರಿಗೆ."

ಪಕ್ಕದ ಕುರ್ಚಿಯ ಮುದುಕ ನಕ್ಕು ಕೆಮ್ಮಿದ. ದಾದಿ, "ಯೂಲಮ್ಮ, ಅಲ್ಲಾಡ್ಬೇಡಿ!" ಎಂದಳು.

ನಾನು ಅಜ್ಜನ ಹಾಳೆಯ ವಿಷಯವನ್ನು ಹೇಳಿದೆ. ಬಚ್ಚಿಡುವುದು ಸರಿಯೆನಿಸಲಿಲ್ಲ. ಅವರು ಆಶ್ಚರ್ಯಪಡಲಿಲ್ಲ.

"ಗೊತ್ತು. ನಮ್ಮ ಅಜ್ಜ ಸಾಯೋವರೆಗೂ ಹೇಳ್ತಿದ್ದ, ಜೋಸೆಫ್ ಒಳ್ಳೆ ಮನುಷ್ಯ, ನನ್ನ ಹೆಸರನ್ನ ಸರಿಯಾಗಿ ಬರ್ಕೊಂಡ ಅಂತ."

ನಾಲ್ಕು ಗಂಟೆ ಆ ಯಂತ್ರದ ಮುಂದೆ ಕುಳಿತಾಗ ಮರೆತದ್ದೊಂದು ನೆನಪಾಯಿತು. ನನ್ನ ನೌಕರಿಯ ಐದನೆಯ ವರ್ಷ. ಒಬ್ಬ ಹುಡುಗಿಯ ತಲೆಯಲ್ಲಿ ಹುಳುಕಡ್ಡಿಯೆಂದು, ಅವಳು ನಲ್ಲಿಯ ನೀರು ಮುಟ್ಟಬಾರದೆಂದು ತರಗತಿಯವರು ತಾವೇ ಚೀಟಿ ಹಾಕಿ ತೀರ್ಮಾನಿಸಿದ್ದರು: ಇಪ್ಪತ್ತೆಂಟಕ್ಕೆ ಒಂದು. ಕ್ರಮವೆಲ್ಲ ನಾನು ಕಲಿಸಿದಂತೆಯೇ ಇತ್ತು. ಹಲಗೆಯ ಮೇಲೆ ಬರೆದಿದ್ದ ಫಲಿತಾಂಶವನ್ನು ನಾನು ಡಸ್ಟರಿನಿಂದ ಒರೆಸಿ, "ಇದು ಚೀಟಿ ಹಾಕುವ ವಿಷಯವಲ್ಲ," ಎಂದೆ. ಯಾರೂ ಏಕೆಂದು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಈಗ ಕೇಳಿಕೊಳ್ಳುತ್ತಿದ್ದೇನೆ. ಯಾವುದು ಚೀಟಿ ಹಾಕುವ ವಿಷಯ, ಯಾವುದು ಅಲ್ಲ? ಅದನ್ನು ನಿರ್ಧರಿಸುವವರು ಯಾರು? ಅವರನ್ನು ಆರಿಸಿದವರು ಯಾರು? ತರಗತಿಯಲ್ಲಾದರೆ ಡಸ್ಟರ್ ನನ್ನ ಕೈಯಲ್ಲಿತ್ತು. ಇಲ್ಲಿ ಯಾರ ಕೈಯಲ್ಲಿದೆ?

ಮಾರ್ಚ್ 14, ಬುಧವಾರ

ವಿಶೇಷವಿಲ್ಲ. ಚೌಕದಲ್ಲಿ ಅಂಟಿಸಿದ "ಹೌದು" ಪಕ್ಷದವರ ಭಿತ್ತಿಪತ್ರದಲ್ಲಿ ಎರಡು ಕಾಗುಣಿತ ತಪ್ಪುಗಳು. "ಇಲ್ಲ" ಪಕ್ಷದವರದರಲ್ಲಿ ಮೂರು. ನಮ್ಮ ಸಂವಿಧಾನವನ್ನು ತರಿಸಿಕೊಂಡು ಓದುತ್ತಿದ್ದೇನೆ. ಯೂಲಾರ ಸೊಸೆಯ ಕಾರು ದುರಸ್ತಿಯಾಗಿ ಬಂದಿದೆ. ಆದರೂ ಸೋಮ, ಬುಧ, ಶುಕ್ರ ನಾನೇ ಕರೆದೊಯ್ಯುತ್ತಿದ್ದೇನೆ. ಗ್ರಂಥಾಲಯಕ್ಕೆ ಹೋಗುವ ದಾರಿಯಲ್ಲೇ ತಾನೆ, ಹನ್ನೊಂದು ಮೈಲಿ ಸುತ್ತಾದರೂ.

ಮಾರ್ಚ್ 25, ಭಾನುವಾರ

ನಿನ್ನೆ ಮತದಾನ. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಮತಗಟ್ಟೆಯಲ್ಲಿದ್ದೆ. ಜನ ಸಾಲಿನಲ್ಲಿ ನಿಂತು, ನನ್ನ ವಾಕ್ಯವನ್ನು ಓದಿ, ಸಹಾಯ ಕೇಳದೆ ಗುರುತು ಹಾಕಿದರು. ಅರ್ಥವಾಗಲಿಲ್ಲವೆಂದು ಒಬ್ಬರೂ ಹೇಳಲಿಲ್ಲ. ಹಾಳಾದ ಮತಪತ್ರಗಳು ಒಟ್ಟು ನಾಲ್ಕು. ಹಿಂದಿನ ಜನಮತಗಣನೆಯಲ್ಲಿ ಇನ್ನೂರ ಹದಿನೇಳು ಹಾಳಾಗಿದ್ದವೆಂದು ಡೆಲ್ಮರ್ ಹೇಳಿದ.

ಯೂಲಾ ಮಧ್ಯಾಹ್ನ ಬಂದರು. ನೀಲಿ ಉಡುಪು, ಚರ್ಚಿಗೆ ಹಾಕುವ ಟೋಪಿ. ಪಟ್ಟಿಯಲ್ಲಿ ಹೆಸರು ಹುಡುಕಿ, ನಾನೇ ಮತಪತ್ರ ಕೊಟ್ಟೆ. "ಥ್ಯಾಂಕ್ಯೂ ಟೀಚರ್," ಎಂದರು. ಟೀಚರಮ್ಮ ಎನ್ನಲಿಲ್ಲ.

ನಾನೂ ಮತ ಹಾಕಿದೆ. ಏನು ಹಾಕಿದೆನೆಂದು ಇಲ್ಲಿಯೂ ಬರೆಯುವುದಿಲ್ಲ; ಮತ ಗುಪ್ತ. ಪರದೆಯ ಹಿಂದೆ ಬಹಳ ಹೊತ್ತು ನಿಂತೆನೆಂದು ಡೆಲ್ಮರ್ ಆಮೇಲೆ ತಮಾಷೆ ಮಾಡಿದ. "ನಿಮ್ಮ ವಾಕ್ಯನೇ ತಿದ್ತಿದ್ರಾ ಟೀಚರ್?"

ಹೌದು: 4,318. ಇಲ್ಲ: 1,977.

ಎರಡು ಬಾರಿ ಎಣಿಸಿದೆವು. ನಾನು ಮೂರನೆಯ ಬಾರಿಯೂ ಎಣಿಸಬೇಕೆಂದೆ. ಅಷ್ಟೇ ಬಂತು.

ಇಂದು ಚರ್ಚಿನಲ್ಲಿ ಯೂಲಾ ತಮ್ಮ ಎಂದಿನ ಸ್ಥಳದಲ್ಲಿ ಕುಳಿತಿದ್ದರು. ಎರಡೂ ಬದಿಗೆ ಮೂರು ಮೂರು ಜನರ ಜಾಗ ಖಾಲಿ. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಪ್ರತಿಯೊಬ್ಬರೂ ಬೇರೆಯವರು ಕೂರಲೆಂದು ಬಿಟ್ಟಿದ್ದು. ನಾನು ಹೋಗಿ ಕುಳಿತೆ. ಅಲ್ಲಿ ಕಿಟಕಿಯ ಬೆಳಕು ಚೆನ್ನಾಗಿ ಬೀಳುತ್ತದೆ, ಪುಸ್ತಕ ಓದಲು ಅನುಕೂಲ.

ಮಾರ್ಚ್ 26, ಸೋಮವಾರ

ಬೆಳಿಗ್ಗೆ ಆರೂವರೆಗೆ ಹಾರ್ನ್ ಮಾಡಿದೆ. ಸೊಸೆ ಬಾಗಿಲಿಗೆ ಬಂದಳು. "ಅತ್ತೆ ಆಗ್ಲೇ ಹೋದ್ರು. ಪಕ್ಕದ ಮನೆಯವರ ಜೊತೆ." ಬಾಗಿಲು ಹಿಡಿದುಕೊಂಡೇ, "ಟೀಚರಮ್ಮನ ಕೆಲಸ ಮುಗೀತಲ್ಲ, ಇನ್ಯಾಕೆ ತೊಂದ್ರೆ ಕೊಡೋದು ಅಂದ್ರು," ಎಂದಳು.

ಹನ್ನೊಂದಕ್ಕೆ ಮಂಡಳಿಯ ಸಭೆ. ಫಲಿತಾಂಶದ ಪ್ರಮಾಣಪತ್ರಕ್ಕೆ ಐವರೂ ಸಹಿ ಹಾಕಬೇಕು. "ಮೇಲ್ಕಂಡ ಎಣಿಕೆಯು ಸರಿಯಾಗಿದೆ" ಎಂದಷ್ಟೇ ಅದರಲ್ಲಿದೆ. ಎಣಿಕೆ ಸರಿಯಾಗಿಯೇ ಇತ್ತು. ಸಹಿ ಹಾಕಿದೆ. ಸುಳ್ಳೆಂದು ಹೇಳಲು ನನ್ನಿಂದಾಗದು.

"ಒಂದು ವೋಟು ಆಚೀಚೆ ಇಲ್ಲ," ಎಂದ ಡೆಲ್ಮರ್, ನನ್ನ ಕೈ ಕುಲುಕುತ್ತ. "ಇಷ್ಟು ಶುದ್ಧವಾದ ಎಲೆಕ್ಷನ್ ನಮ್ಮಲ್ಲಿ ಆಗೇ ಇಲ್ಲ ಟೀಚರ್. ಎಲ್ಲ ನಿಮ್ಮಿಂದ."

ನಿಜ. ಎಲ್ಲವೂ ಶುದ್ಧವಾಗಿಯೇ ನಡೆಯಿತು. ಮೋಸ ನಡೆದಿದ್ದರೆ ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಹುದಿತ್ತು.

ಚಿಕಿತ್ಸಾಲಯದವರು ನಮ್ಮ ಸಹಿಗೂ ಕಾಯದೆ, ಶನಿವಾರ ರಾತ್ರಿಯೇ ಬಿಡುಗಡೆಯವರ ಪಟ್ಟಿಯ ರೋಗಿಗಳಿಗೆಲ್ಲ ಕಾಗದ ಕಳಿಸಿದ್ದಾರೆ: ಸೌಲಭ್ಯ ಈ ತಿಂಗಳ ಕೊನೆಯವರೆಗೆ ಮಾತ್ರ. ಗೊತ್ತಾದದ್ದು ಹೇಗೆಂದರೆ, ಅಂಚೆಯವನು ಯೂಲಾರ ಕಾಗದವನ್ನು ನನ್ನ ಪೆಟ್ಟಿಗೆಗೆ ಹಾಕಿದ್ದ. ಒಡೆದು ಓದಿದೆ. ಇನ್ನೊಬ್ಬರ ಕಾಗದವನ್ನು ನಾನು ಓದಿದ್ದು ಜೀವನದಲ್ಲಿ ಇದೇ ಮೊದಲು.

ಮಾರ್ಚ್ 28, ಬುಧವಾರ

ರಾಷ್ಟ್ರದ ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಯೂಲಾ ಕುಳಿತಿರುವುದು ಕಾಣಿಸಿತು. ಡಯಾಲಿಸಿಸ್ ಮುಗಿಸಿ ನೇರವಾಗಿ ಬಂದಿದ್ದಳು. ತೋಳಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಮಡಿಲಲ್ಲಿ ಒಂದು ಅರ್ಜಿ.

"ತಗೊಳ್ಳಲಿಲ್ಲ," ಎಂದಳು.

"ಯಾಕೆ?"

"ಹೋಗಿ ನೀವೇ ಕೇಳಿ. ನಿಮ್ಮ ಶಿಷ್ಯನೇ ಕೂತಿದಾನೆ."

ಗುಮಾಸ್ತ ಟ್ರೆಂಟ್ ಡೀರ್ ನನ್ನನ್ನು ಕಂಡೊಡನೆ ಎದ್ದು ನಿಂತ. ಮೂವತ್ತು ದಾಟಿದವನು, ಮಗಳ ತಂದೆ. ಆದರೂ ಅಂಗಿಯ ಗುಂಡಿ ಹಾಕಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡ.

"ನಾನೇನ್ ಮಾಡ್ಲಿ ಟೀಚರ್? ಎಲೆಕ್ಷನ್ ಮೇಲೆ ತಕರಾರು ಹಾಕೋದಾದ್ರೆ ನಾಗರಿಕರೇ ಹಾಕ್ಬೇಕು ಅಂತ ರೂಲ್ ಇದೆ. ಸೋಮವಾರ ಸರ್ಟಿಫಿಕೇಟ್ ಆಯ್ತು. ಸೋಮವಾರದಿಂದ ಯೂಲಾ ಅಜ್ಜಿ ನಾಗರಿಕರಲ್ಲ."

"ನಾಗರಿಕರಲ್ಲ ಅಂತ ಮಾಡಿದ್ದು ತಪ್ಪು ಅಂತ ಹೇಳೋಕೆ ಬಂದಿದಾಳೆ ಅವಳು."

"ಹೌದು ಟೀಚರ್. ಅದನ್ನ ಹೇಳೋಕೆ ಮೊದ್ಲು ನಾಗರಿಕರಾಗಿರ್ಬೇಕು."

ಎಷ್ಟು ಸುಂದರವಾದ ವೃತ್ತ! ಜ್ಯಾಮಿತಿಯ ಪುಸ್ತಕದಲ್ಲಿ ಸೇರಿಸಬಹುದು. ಪೆಟ್ಟು ತಿಂದವರು ದೂರುವಂತಿಲ್ಲ. ದೂರಬಲ್ಲವರಿಗೆ ಪೆಟ್ಟು ಬಿದ್ದಿಲ್ಲ. ಆ ನಿಯಮವನ್ನೂ ಓದಿಸಿಕೊಂಡೆ. ಅರ್ಜಿ ಏಳು ದಿನಗಳೊಳಗೆ ಬರಬೇಕು, ಅರ್ಜಿದಾರರು ನಾಗರಿಕರಾಗಿರಬೇಕು, ತಮಗೆ ಆದ ಹಾನಿಯನ್ನು ತೋರಿಸಬೇಕು. ಸ್ವೀಕೃತವಾದರೆ ವಿಚಾರಣೆಯವರೆಗೆ ಫಲಿತಾಂಶ ಜಾರಿಗೆ ಬರುವುದಿಲ್ಲ.

"ಬೇರೆಯವರ ಹಾನಿ ತೋರಿಸಿದ್ರೆ?"

"ಆಗಲ್ಲ ಟೀಚರ್. ಪಾಪ ಅನ್ಸುತ್ತೆ ಅಂತ ಬರೆದ್ರೆ ನಾನು ತಗೊಳ್ಳೋ ಹಾಗಿಲ್ಲ. ಹಾನಿ ಅವರದ್ದೇ ಆಗಿರ್ಬೇಕು."

ಒಂದು ಖಾಲಿ ಅರ್ಜಿ ತೆಗೆದುಕೊಂಡು ಬಂದೆ. ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಎಣಿಕೆಯನ್ನು ನಾನು ಇಂದಿಗೂ ನಂಬುತ್ತೇನೆ. ಒಗಟನ್ನು ಬಿಡಿಸದೆ ಬಿಡುವುದು ನನ್ನ ಸ್ವಭಾವವಲ್ಲ, ಅಷ್ಟೇ.

"ಬಾ, ಮನೆಗೆ ಬಿಡ್ತೀನಿ," ಎಂದೆ. ಯೂಲಾ ನನ್ನ ಮುಖವನ್ನು ಒಮ್ಮೆ ನೋಡಿ, ಎದ್ದು ಬಂದಳು.

ಮಾರ್ಚ್ 29, ಗುರುವಾರ

ಹಾನಿ ಎಂಬ ಕಾಲಮ್ಮಿಗೆ ಎರಡು ಗೆರೆಗಳ ಜಾಗವಿದೆ. ಬೆಳಿಗ್ಗೆಯಿಂದ ಹದಿನೇಳು ಕರಡುಗಳು. ನೆರೆಯವಳನ್ನು ಕಳೆದುಕೊಳ್ಳುವೆ: ಅದು ದುಃಖ, ಹಾನಿಯಲ್ಲ. ಮನಸ್ಸಾಕ್ಷಿ ಚುಚ್ಚುತ್ತಿದೆ: ಅದು ನನಗೆ ಬೇಕಾದದ್ದೇ. ನ್ಯಾಯವಲ್ಲ: ಯಾರಿಗೆ?

ನನಗೆ ಏನು ಹಾನಿಯಾಗಿದೆ? ಮತದಾನದ ಮುಂಚಿನ ಶುಕ್ರವಾರವೂ ನಾನು ನಾಗರಿಕಳು, ಆದ ಮೇಲಿನ ಭಾನುವಾರವೂ ನಾಗರಿಕಳು. ಏನೂ ಆಗಿಲ್ಲವೆಂದು ಎದ್ದು ಒಲೆ ಹೊತ್ತಿಸಿದೆ. ನೀರು ಕುದಿಯುವ ಹೊತ್ತಿಗೆ ತಿಳಿಯಿತು, ಆ ಶುಕ್ರವಾರದ ನಾಗರಿಕಳೂ ಭಾನುವಾರದ ನಾಗರಿಕಳೂ ಒಂದೇ ಅಲ್ಲವೆಂದು.

ಮಾರ್ಚ್ 30, ಶುಕ್ರವಾರ

ಒಂಬತ್ತಕ್ಕೆ ಸರಿಯಾಗಿ ನ್ಯಾಯಾಲಯದಲ್ಲಿದ್ದೆ. ಟ್ರೆಂಟ್ ಅರ್ಜಿಯನ್ನು ಮೇಲಿನಿಂದ ಓದುತ್ತ ಬಂದ. ಹೆಸರು, ಸರಿ. ಪಟ್ಟಿಯ ಸಂಖ್ಯೆ, ಸರಿ. ಹಾನಿಯ ಕಾಲಮ್ಮನ್ನು ತುಟಿ ಅಲ್ಲಾಡಿಸುತ್ತ ಓದಿದ. ಆ ಅಭ್ಯಾಸವನ್ನು ನಾನು ಬಿಡಿಸಲಾಗಿರಲಿಲ್ಲ.

"ಮಾರ್ಚ್ 24ರವರೆಗೆ ನಾನು ಹಕ್ಕಿನಿಂದ ನಾಗರಿಕಳಾಗಿದ್ದೆ. ಅಂದಿನಿಂದ, ನನ್ನ ಕುರಿತು ಯಾರೂ ಇನ್ನೂ ಪ್ರಶ್ನೆ ಬರೆದಿಲ್ಲವೆಂಬ ಕಾರಣದಿಂದ ಮಾತ್ರ ನಾಗರಿಕಳಾಗಿದ್ದೇನೆ. ಅಂಥ ಪ್ರಶ್ನೆಯನ್ನು ಬರೆಯುವುದು ಎಷ್ಟು ಸುಲಭವೆಂದು ನನಗೆ ಗೊತ್ತು. ಮೊದಲನೆಯದನ್ನು ಬರೆದವಳು ನಾನೇ."

ಆತ ಮತ್ತೊಮ್ಮೆ ಓದಿದ. "ಇದು... ಹಾನಿನಾ ಟೀಚರ್?"

"ನಿನ್ನ ನಾಗರಿಕತ್ವದ ಕಾರ್ಡಲ್ಲಿ ರಕ್ತದ ಪಾಲು ಎಷ್ಟು ಅಂತಿದೆ ಟ್ರೆಂಟ್?"

"ಹದಿನಾರರಲ್ಲಿ ಒಂದು."

"ಮಗಳದ್ದು?"

"ಮೂವತ್ತೆರಡರಲ್ಲಿ..." ಎಂದವನು ಅಲ್ಲಿಗೆ ನಿಲ್ಲಿಸಿದ. ಲೆಕ್ಕದಲ್ಲಿ ಆತ ಯಾವಾಗಲೂ ಚುರುಕು.

ಆತ ಮುದ್ರೆಯನ್ನು ತೆಗೆದುಕೊಂಡು, ಮಸಿಯ ಮೇಲೆ ಒತ್ತಿ, ಅರ್ಜಿಯ ಮೇಲೆ ನೇರವಾಗಿ ಬೀಳುವಂತೆ ನೋಡಿ ಹಾಕಿದ. ವಿಚಾರಣೆ ಏಪ್ರಿಲ್ 19ಕ್ಕೆ. ಅಲ್ಲಿಯವರೆಗೆ ನಾವು ಹದಿಮೂರು ಸಾವಿರ.

ಮಧ್ಯಾಹ್ನ ಯೂಲಾಳ ಮನೆಗೆ ಹೋಗಿ ಹೇಳಿದೆ. ಅವಳು ಜಗುಲಿಯಲ್ಲಿ ಕುಳಿತು ಬೀನ್ಸ್ ಆರಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಸೋಮವಾರ ಹೋಗಬಹುದು ಹಾಗಾದ್ರೆ."

"ಸೋಮವಾರ, ಬುಧವಾರ, ಶುಕ್ರವಾರ. ಹತ್ತೊಂಬತ್ತರ ತನಕ."

"ಆಮೇಲೆ? ಗೆಲ್ತೀವಾ ಲಿಯೋಟಾ?"

ನನ್ನನ್ನು ಆ ರಸ್ತೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದು ಬಹಳ ಕಾಲವಾಗಿತ್ತು.

"ಗೊತ್ತಿಲ್ಲ. ಮೂವರು ನ್ಯಾಯಾಧೀಶರು."

"ಮೂವರೂ ಒಪ್ಬೇಕಾ?"

"ಇಬ್ಬರು ಒಪ್ಪಿದ್ರೆ ಸಾಕು."

ಅವಳ ಕೈ ನಿಂತಿತು. "ಅಂದ್ರೆ ಅಲ್ಲೂ ಎಣಿಸೋದೇನಾ?"

ಇದನ್ನು ನಾನು ಯೋಚಿಸಿರಲಿಲ್ಲ. ಹದಿನೇಳು ಕರಡುಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ನಾನು ಬೆಪ್ಪಾಗಿ ನಿಂತದ್ದನ್ನು ಕಂಡು ಅವಳು ನಗತೊಡಗಿದಳು, ಬೀನ್ಸಿನ ಪಾತ್ರೆ ಅಲ್ಲಾಡುವಷ್ಟು.

"ಆದ್ರೆ ಅವರು ಕಾರಣ ಬರೀಬೇಕು," ಎಂದೆ ಕೊನೆಗೆ. "ಯಾಕೆ ಹೌದು, ಯಾಕೆ ಇಲ್ಲ ಅಂತ. ಕೆಳಗೆ ಸಹಿ ಹಾಕ್ಬೇಕು."

"ಹೆಸರು ಹಾಕಿ?"

"ಹೆಸರು ಹಾಕಿ. ಎಲ್ಲರೂ ಓದೋ ಹಾಗೆ."

ಯೂಲಾ ಒಂದು ಹುಳುಕು ಕಾಳನ್ನು ಬೆರಳಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ನೋಡಿ, ಅಂಗಳಕ್ಕೆ ಎಸೆದಳು.

"ಹಾಗಿದ್ರೆ ಕೈ ಸ್ವಲ್ಪನಾದ್ರೂ ನಡುಗುತ್ತೆ, ಬಿಡು," ಎಂದಳು.